ಸುಂಕದವನ ಮುಂದೆ ಸುಖದುಃಖ

ಕಳೆದ ಸಂಚಿಕೆಯಲ್ಲಿ ವಿದೇಶದಿಂದ ಬರುವ ನಕಲಿ ಮಾಲಿನ ಬಗ್ಗೆ ನಾಲ್ಕು ಸಾಲು ಬರೆದದ್ದೇ ನೆಪವಾಯಿತು, ಸಂಪಾದಕರು ಪತ್ರಗಳ ಕಟ್ಟನ್ನೇ ಮನೆಗೆ ಕಳುಹಿಸಿದ್ದಾರೆ. ಹೊಸ ಓದುಗರಿಗಾಗಿ ಒಂದು ಮಾತು: ನಾನು ಕೇಂದ್ರ ಅಬಕಾರಿ ಇಲಾಖೆಗೆ ಇನ್ಸ್‌ಪೆಕ್ಟರ್ ಆಗಿ ಸೇರಿದವನು. ಸರದಿಯ ಮೇಲೆ ಕಸ್ಟಮ್ಸ್‌ಗೆ ಹೋಗಿ, ಪಣಂಬೂರಿನ ಬಂದರು, ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣದ ಸರಕು ಷೆಡ್, ವೈಟ್‌ಫೀಲ್ಡ್‌ನ ಕಂಟೇನರ್ ಡಿಪೋ, ಕೊನೆಗೆ ದೇವನಹಳ್ಳಿ, ಹೀಗೆ ಪೆಟ್ಟಿಗೆ ಬಿಚ್ಚಿಸುತ್ತಲೇ ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದೆ. ಈಗಲೂ ಮನೆಗೆ ಪಾರ್ಸೆಲ್ ಬಂದರೆ ಬಿಚ್ಚುವ ಮೊದಲು ಕೈಯಲ್ಲಿ ತೂಗಿ ನೋಡುತ್ತೇನೆ. ಮೊಮ್ಮಗಳು ನಗುತ್ತಾಳೆ.

ಪ್ರಶ್ನೆ: ನಾನು ಟ್ರ್ಯಾಕ್ಟರ್ ಬಿಡಿಭಾಗಗಳ ವ್ಯಾಪಾರಿ. ಚೀನಾದ ಗುವಾಂಗ್‌ಜೌದಿಂದ ನಾಲ್ಕು ಲಕ್ಷ ರೂಪಾಯಿಗೆ 2,400 ಬೇರಿಂಗ್ ತರಿಸಿದೆ. ಅವುಗಳ ಮೇಲೆ ಯುರೋಪಿನ ಒಂದು ಹೆಸರಾಂತ ಕಂಪನಿಯ ಹೆಸರು ಇದೆಯೆಂದು ವೈಟ್‌ಫೀಲ್ಡ್‌ನಲ್ಲಿ ತಡೆದಿದ್ದಾರೆ. ‘ಅದೇ ಕಾರ್ಖಾನೆಯ ಮಾಲು, ಡಬ್ಬಿ ಮಾತ್ರ ಬೇರೆ’ ಎಂದು ಮಾರಿದವನು ಹೇಳಿದ್ದ. ದಂಡ ಕಟ್ಟಿದರೆ ಬಿಡುತ್ತಾರೆ ಎನ್ನುತ್ತಾನೆ ಏಜೆಂಟ್. ವಾಪಸ್ ಚೀನಾಕ್ಕೇ ಕಳುಹಿಸಿಬಿಡಿ ಎನ್ನುತ್ತಾನೆ ಭಾವಮೈದುನ. ಯಾರ ಮಾತು ಕೇಳಲಿ?
— ಒಬ್ಬ ವ್ಯಾಪಾರಿ, ದಾವಣಗೆರೆ

ಉತ್ತರ: ಇಬ್ಬರ ಮಾತನ್ನೂ ಕೇಳಬೇಡಿ.

ನಿಮ್ಮ ಲೆಕ್ಕದಲ್ಲಿ ಒಂದು ಬೇರಿಂಗ್‌ಗೆ ಸುಮಾರು 167 ರೂಪಾಯಿ ಬಿತ್ತು. ಅದೇ ಹೆಸರಿನ ಅಸಲಿ ಬೇರಿಂಗನ್ನು ನಿಮ್ಮ ಅಂಗಡಿಯಲ್ಲಿ ಎಷ್ಟಕ್ಕೆ ಮಾರುತ್ತಿದ್ದಿರಿ ಎಂಬುದನ್ನು ಬರೆದಿಲ್ಲ. ಬರೆಯದೆ ಬಿಟ್ಟದ್ದನ್ನು ನಾನು ಓದಿಕೊಂಡಿದ್ದೇನೆ. ಬೈಯುವುದಕ್ಕಲ್ಲ, ನಾಳೆ ಅಧಿಕಾರಿ ಕೇಳುವ ಮೊದಲ ಪ್ರಶ್ನೆಯೂ ಇದೇ ಆಗಿರುತ್ತದೆ, ಅದಕ್ಕೆ ಹೇಳಿದೆ.

ಈಗ ಕಾನೂನು ಎಲ್ಲಿ ನಿಂತಿದೆ ನೋಡಿ. 2007ರ ಮೇ 8ರಂದು ಕೇಂದ್ರ ಸರ್ಕಾರ ಬೌದ್ಧಿಕ ಆಸ್ತಿ ಹಕ್ಕುಗಳ ಬಗ್ಗೆ ಆಮದು ಸರಕಿನ ಜಾರಿ ನಿಯಮಗಳನ್ನು ತಂದಿತು. ಟ್ರೇಡ್‌ಮಾರ್ಕ್‌ನ ಒಡೆಯ ತನ್ನ ಹೆಸರನ್ನು ಕಸ್ಟಮ್ಸ್‌ನಲ್ಲಿ ನೋಂದಾಯಿಸಿದ್ದರೆ, ಆ ಹೆಸರಿನ ಅನುಮಾನದ ಮಾಲು ಬಂದಾಗ ಅಧಿಕಾರಿ ಬಿಡುಗಡೆಯನ್ನು ತಡೆದು ಒಡೆಯನಿಗೂ ನಿಮಗೂ ತಿಳಿಸಬೇಕು. ಅಲ್ಲಿಂದ ಗಡಿಯಾರ ಓಡಲು ಶುರು. ಮೂರು ದಿನದೊಳಗೆ ಕಂಪನಿಯವರು ಮಾಲಿನ ಬೆಲೆಯ ಶೇ 110ರಷ್ಟಕ್ಕೆ ಬಾಂಡ್, ಅಂದರೆ ಮುಚ್ಚಳಿಕೆ ಪತ್ರ ಬರೆದುಕೊಡಬೇಕು, ಅದರ ಶೇ 25ರಷ್ಟನ್ನು ಭದ್ರತೆಯಾಗಿ ಇಡಬೇಕು. ನಿಮ್ಮ ನಾಲ್ಕು ಲಕ್ಷದ ಮಾಲಿಗೆ ಬಾಂಡ್ 4.40 ಲಕ್ಷ, ಭದ್ರತೆ 1.10 ಲಕ್ಷ. ಹತ್ತು ಕೆಲಸದ ದಿನಗಳೊಳಗೆ ಅವರು ವಿಚಾರಣೆಯಲ್ಲಿ ಕಕ್ಷಿಯಾಗಿ ಸೇರಬೇಕು. ಕಮಿಷನರ್ ಒಪ್ಪಿದರೆ ಇನ್ನೂ ಹತ್ತು ದಿನ ಸಿಗುತ್ತದೆ. ಅವರು ಬರಲೇ ಇಲ್ಲವೆಂದರೆ, ಬೇರೆ ತಕರಾರು ಇಲ್ಲದಿದ್ದರೆ, ಮಾಲು ನಿಮ್ಮದು. ಹಾಗಾಗಿ ಮೊದಲ ಕೆಲಸವೆಂದರೆ ನಿಮಗೆ ಬಂದಿರುವ ಪತ್ರದ ದಿನಾಂಕವನ್ನು ನೋಡಿಕೊಂಡು ಕಂಪನಿ ಬಾಂಡ್ ಕೊಟ್ಟಿದೆಯೇ ಎಂದು ಲಿಖಿತವಾಗಿ ಕೇಳುವುದು.

ಅವರು ಬಂದು, ಮಾಲು ನಕಲಿಯೆಂದು ತೀರ್ಮಾನವಾದರೆ, ಅದು ಕಸ್ಟಮ್ಸ್ ಕಾಯ್ದೆಯ 111(ಡಿ) ಕಲಮಿನಂತೆ ಮುಟ್ಟುಗೋಲು. ನಿಮ್ಮ ಏಜೆಂಟ್ ಹೇಳುವ ‘ದಂಡ ಕಟ್ಟಿ ಬಿಡಿಸಿಕೊಳ್ಳುವ’ ಪದ್ಧತಿ 125ನೇ ಕಲಮಿನಲ್ಲಿ ಇದೆ, ಸುಳ್ಳಲ್ಲ. ತಪ್ಪು ವಿವರ ಬರೆದ ಮಾಲಿಗೆ, ಬೆಲೆ ಕಡಿಮೆ ತೋರಿಸಿದ ಮಾಲಿಗೆ ದಿನನಿತ್ಯ ನಡೆಯುತ್ತದೆ. ಆದರೆ ನಕಲಿ ಹೆಸರಿನ ಮಾಲಿಗೆ 2007ರ ನಿಯಮಗಳು ತೋರಿಸುವ ದಾರಿ ನಾಶ, ಇಲ್ಲವೇ ಪೇಟೆಯ ಹೊರಗೆ ವಿಲೇವಾರಿ. ಭಾವಮೈದುನನ ಸಲಹೆಗೂ ಅದೇ ನಿಯಮ ಬಾಗಿಲು ಹಾಕಿದೆ: ಇದ್ದ ಸ್ಥಿತಿಯಲ್ಲೇ ವಾಪಸ್ ರಫ್ತು ಮಾಡುವಂತಿಲ್ಲ. ಇಲ್ಲಿಂದ ಹೋದ ನಕಲಿ ಇನ್ನೊಂದು ಬಂದರಿನಲ್ಲಿ ಇಳಿಯುತ್ತದೆಯಲ್ಲ!

ಮಾಲು ಹೋದರೆ ಹೋಗಲಿ, ನೀವು ಉಳಿದುಕೊಳ್ಳುವುದು ಮುಖ್ಯ. 112ನೇ ಕಲಮಿನ ದಂಡ ಮಾಲಿನ ಬೆಲೆಯವರೆಗೂ ಏರಬಹುದು. 108ನೇ ಕಲಮಿನಂತೆ ಹೇಳಿಕೆ ಕೊಡಲು ಕರೆದಾಗ ಹೋಗಿ, ತಪ್ಪಿಸಿಕೊಳ್ಳಬೇಡಿ. ಮಾರಿದವನ ಜೊತೆ ಮೊಬೈಲ್‌ನಲ್ಲಿ ನಡೆದ ಮಾತುಕತೆಯನ್ನು ಅಳಿಸಬೇಡಿ. ‘ಅದೇ ಕಾರ್ಖಾನೆಯ ಮಾಲು’ ಎಂದು ಅವನು ಬರೆದಿದ್ದರೆ ನಿಮಗೆ ಇರುವ ಒಂದೇ ಆಸರೆ ಅದು. ಬಿಲ್ ಆಫ್ ಎಂಟ್ರಿಯಲ್ಲಿ, ಅಂದರೆ ಆಮದಿನ ಘೋಷಣಾ ಪತ್ರದಲ್ಲಿ, ಬ್ರಾಂಡಿನ ಕಡೆ ‘ಇಲ್ಲ’ ಎಂದು ಬರೆದದ್ದು ನೀವೋ ಏಜೆಂಟನೋ ಎಂಬುದನ್ನೂ ನೆನಪು ಮಾಡಿಕೊಳ್ಳಿ. ಬಹಳ ಸಲ ವ್ಯಾಪಾರಿಗೆ ಗೊತ್ತೇ ಇಲ್ಲದೆ ಆ ಅಂಕಣ ತುಂಬಿರುತ್ತದೆ. ಹೇಳಿಕೆಯನ್ನು ಪೂರ್ತಿ ಓದದೆ ಸಹಿ ಹಾಕಬೇಡಿ. ಇದನ್ನು ಹೇಳಿಕೆ ಬರೆಸಿಕೊಳ್ಳುತ್ತಿದ್ದವನೇ ಹೇಳುತ್ತಿದ್ದೇನೆ. ಆದೇಶ ನಿಮ್ಮ ವಿರುದ್ಧ ಬಂದರೆ ಮೇಲ್ಮನವಿಗೆ 60 ದಿನ ಇದೆ, ದಂಡದ ಶೇ 7.5ನ್ನು ಮುಂಗಡ ಕಟ್ಟಬೇಕು.

ನಾನೂ ವೈಟ್‌ಫೀಲ್ಡ್‌ನಲ್ಲಿ ಬೇರಿಂಗ್ ಹಿಡಿದಿದ್ದೆ. ಎರಡು ಗಂಟೆ ಷೆಡ್ಡಿನ ದೀಪದ ಕೆಳಗೆ ಅಸಲಿ, ನಕಲಿ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂತರೂ ಒಂದು ಕೂದಲೆಳೆಯಷ್ಟು ವ್ಯತ್ಯಾಸ ಕಾಣಲಿಲ್ಲ. ಡಬ್ಬಿ ಸರಿ, ಬಣ್ಣ ಸರಿ, ಗ್ರೀಸಿನ ವಾಸನೆಯೂ ಸರಿ. ಮೂರನೆಯ ದಿನ ಕಂಪನಿಯ ಕಡೆಯ ಒಬ್ಬ ಎಂಜಿನಿಯರ್ ಬಂದರು, ಜೇಬಿನಿಂದ ಸಣ್ಣ ಮಸೂರ ತೆಗೆದರು, ಕೊರೆದ ಅಕ್ಷರದ ಅಂಚನ್ನು ನೋಡಿ ಕೆಳಗಿಟ್ಟರು. ‘ನಮ್ಮದಲ್ಲ.’ ಅರ್ಧ ನಿಮಿಷವೂ ಆಗಿರಲಿಲ್ಲ. ಮಹಜರು ಬರೆಯಲು ಮಾತ್ರ ಸಂಜೆಯಾಯಿತು.

ಕಂಪನಿಯ ವಕೀಲರು ರಾಜಿಗೆ ಕರೆದರೆ ಹೋಗಿ ಮಾತಾಡಿ, ಆದರೆ ಆ ರಾಜಿ ಕಸ್ಟಮ್ಸ್ ಅಧಿಕಾರಿಯ ಕೈ ಕಟ್ಟುವುದಿಲ್ಲ ಎಂಬುದು ನೆನಪಿರಲಿ. ಇನ್ನೊಂದು ಮಾತು. ಆ ಬೇರಿಂಗ್‌ಗಳು ಬಿಡುಗಡೆಯಾಗಿಬಿಟ್ಟರೂ ಟ್ರ್ಯಾಕ್ಟರಿಗೆ ಹಾಕಬೇಡಿ. ಕಬ್ಬು ತುಂಬಿದ ಟ್ರೇಲರ್ ಎಳೆಯುವಾಗ ಚಕ್ರದ ಬೇರಿಂಗ್ ಒಡೆದರೆ ಏನಾಗುತ್ತದೆಂದು ದಾವಣಗೆರೆಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಪ್ರಶ್ನೆ: ಮಗಳು ಗೆಳತಿಯರೊಂದಿಗೆ ಬ್ಯಾಂಕಾಕ್‌ಗೆ ಹೋಗಿದ್ದಾಳೆ. ಅಲ್ಲಿ ದೊಡ್ಡ ಬ್ರಾಂಡಿನ ‘ಫಸ್ಟ್ ಕಾಪಿ’ ಕೈಚೀಲ ಎರಡು ತೆಗೆದುಕೊಂಡಿದ್ದಾಳಂತೆ. ವಿಮಾನ ನಿಲ್ದಾಣದಲ್ಲಿ ಹಿಡಿದು ಅವಮಾನ ಮಾಡುತ್ತಾರೆಯೇ?
— ಗೃಹಿಣಿ, ಶಿವಮೊಗ್ಗ

ಉತ್ತರ: ನಿಶ್ಚಿಂತೆಯಿಂದ ಇರಿ ತಾಯಿ. ಸ್ವಂತ ಬಳಕೆಗೆಂದು ಲಗೇಜಿನಲ್ಲಿ ತಂದ, ವ್ಯಾಪಾರಕ್ಕಲ್ಲದ ವಸ್ತುಗಳಿಗೆ ಮೇಲೆ ಹೇಳಿದ 2007ರ ನಿಯಮಗಳು ಅನ್ವಯಿಸುವುದಿಲ್ಲವೆಂದು 12ನೇ ನಿಯಮವೇ ಹೇಳುತ್ತದೆ. ಎರಡು ಚೀಲಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಒಂದೇ ಬಣ್ಣದ ಇಪ್ಪತ್ತು ಇದ್ದರೆ ‘ಅಕ್ಕತಂಗಿಯರಿಗೆ’ ಎಂಬ ಉತ್ತರ ನಡೆಯುವುದಿಲ್ಲ. ಅಷ್ಟು ಅಕ್ಕತಂಗಿಯರ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿದ ಒಬ್ಬ ಪ್ರಯಾಣಿಕರನ್ನು ಮಾತ್ರ ನಾನು ನೋಡಿದ್ದೇನೆ. ಅವರ ಸೂಟ್‌ಕೇಸಿನಲ್ಲಿ ಬೆಲೆಪಟ್ಟಿಯೂ ಇತ್ತು.

ಅಂಚೆ, ಕೊರಿಯರ್ ಮೂಲಕ ತರಿಸುವ ಸಣ್ಣ ಪೊಟ್ಟಣಕ್ಕೂ ಸ್ವಂತ ಬಳಕೆಯ ಈ ವಿನಾಯಿತಿ ಇದೆ. ಆದರೆ ಸುಂಕಕ್ಕೆ ವಿನಾಯಿತಿ ಎಂದು ತಿಳಿಯಬೇಡಿ. ‘ಉಡುಗೊರೆ’ ಎಂದು ಬರೆದು ಸುಂಕ ತಪ್ಪಿಸುವ ದಾರಿಯನ್ನು 2019ರ ಡಿಸೆಂಬರ್‌ನಲ್ಲಿ ಮುಚ್ಚಿದರು. ಜೀವರಕ್ಷಕ ಔಷಧಿ ಮತ್ತು ರಾಖಿ, ಇವೆರಡನ್ನು ಬಿಟ್ಟು.

ಪ್ರಶ್ನೆ: ಪೀಣ್ಯದಲ್ಲಿ ಹದಿನೆಂಟು ಜನ ಕೆಲಸ ಮಾಡುವ ಸಣ್ಣ ಕಾರ್ಖಾನೆ ನಮ್ಮದು. ಒತ್ತಡ ಅಳೆಯುವ ಗೇಜ್ ತಯಾರಿಸುತ್ತೇವೆ. ಕಳೆದ ವರ್ಷ ಕೊಯಮತ್ತೂರಿನ ಗ್ರಾಹಕರೊಬ್ಬರು ಕೆಟ್ಟ ಗೇಜ್ ವಾಪಸ್ ಕಳುಹಿಸಿದರು. ನೋಡಿದರೆ ನಮ್ಮ ಹೆಸರು, ನಮ್ಮ ಡಯಲ್, ಆದರೆ ನಾವು ಮಾಡಿದ್ದಲ್ಲ. ಚೀನಾದಿಂದ ಬರುತ್ತಿದೆಯಂತೆ. ದೊಡ್ಡ ಕಂಪನಿಗಳಿಗಾದರೆ ಕಸ್ಟಮ್ಸ್ ಓಡಿ ಬರುತ್ತದೆ, ನಮ್ಮಂಥವರಿಗೆ?
— ಸಣ್ಣ ಉದ್ಯಮಿ, ಪೀಣ್ಯ

ಉತ್ತರ: ದೊಡ್ಡವರಿಗೂ ಓಡಿ ಬರುವುದಿಲ್ಲ, ಅವರು ಮೊದಲೇ ಕಾಗದ ಕೊಟ್ಟಿರುತ್ತಾರೆ, ಅಷ್ಟೇ ವ್ಯತ್ಯಾಸ. ಷೆಡ್ಡಿನಲ್ಲಿ ನಿಂತ ಅಧಿಕಾರಿಗೆ ನಿಮ್ಮ ಗೇಜ್ ಎಂಬುದೊಂದು ಇದೆಯೆಂಬುದೇ ಗೊತ್ತಿರುವುದಿಲ್ಲ. ಅವನು ಅದನ್ನು ನಿಮ್ಮದೆಂದು ಗುರುತಿಸಲಿ, ನಿಮ್ಮದಲ್ಲವೆಂದೂ ಗುರುತಿಸಲಿ ಎಂದರೆ ಹೇಗೆ ಸ್ವಾಮಿ?

ನಿಮ್ಮ ಹೆಸರು ಟ್ರೇಡ್‌ಮಾರ್ಕ್ ಆಗಿ ನೋಂದಣಿಯಾಗಿದೆಯೇ ಎಂಬುದನ್ನು ನೀವು ಬರೆದಿಲ್ಲ. ಆಗಿಲ್ಲದಿದ್ದರೆ ಮೊದಲು ಅದು. ಕರ್ನಾಟಕದವರಿಗೆ ಚೆನ್ನೈನ ರಿಜಿಸ್ಟ್ರಿ, ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. ಸಣ್ಣ ಉದ್ಯಮಕ್ಕೆ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ, ದೊಡ್ಡವರಿಗೆ ಅದರ ಎರಡರಷ್ಟು. ಪರಿಶೀಲನೆಯಾಗಿ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ನಾಲ್ಕು ತಿಂಗಳು ಆಕ್ಷೇಪಣೆಗೆ ಕಾಯಬೇಕು. ನೋಂದಣಿಯಾದರೆ ಹತ್ತು ವರ್ಷದ ಬಾಳಿಕೆ, ಆಮೇಲೆ ನವೀಕರಣ.

ಆ ಪ್ರಮಾಣಪತ್ರ ಕೈಗೆ ಬಂದ ದಿನವೇ ಕಸ್ಟಮ್ಸ್‌ನ ಬೌದ್ಧಿಕ ಆಸ್ತಿ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಲು ನೋಟಿಸ್ ಹಾಕಿ. ಶುಲ್ಕ 2,000 ರೂಪಾಯಿ. ಬೇಕಾದ ಬಂದರು, ವಿಮಾನ ನಿಲ್ದಾಣಗಳನ್ನೆಲ್ಲ ಸೂಚಿಸಬಹುದು. ಚೆನ್ನೈ, ನವಾ ಶೇವಾ, ಮುಂದ್ರಾ ಬಿಡಬೇಡಿ. ನಿಮ್ಮ ಕಳ್ಳ ಬೆಂಗಳೂರಿನಲ್ಲೇ ಇಳಿಯಬೇಕೆಂದು ಹರಕೆ ಹೊತ್ತಿಲ್ಲ. ಕಮಿಷನರ್ 30 ಕೆಲಸದ ದಿನಗಳಲ್ಲಿ ಒಪ್ಪಿಗೆಯನ್ನೋ ನಿರಾಕರಣೆಯನ್ನೋ ತಿಳಿಸಬೇಕು.

ಇಷ್ಟು ಎಲ್ಲ ವಕೀಲರೂ ಮಾಡಿಕೊಡುತ್ತಾರೆ. ಅವರು ಮಾಡದ ಕೆಲಸ ಒಂದಿದೆ, ಅದು ನಿಮ್ಮದು. ನಿಮ್ಮ ಅಸಲಿ ಗೇಜ್ ಹೇಗಿರುತ್ತದೆ, ನಕಲಿಯಲ್ಲಿ ಏನು ತಪ್ಪಿರುತ್ತದೆ ಎಂಬುದನ್ನು ಒಂದೇ ಹಾಳೆಯಲ್ಲಿ, ದೊಡ್ಡ ಚಿತ್ರಗಳೊಂದಿಗೆ ಬರೆದುಕೊಡಿ. ಇಪ್ಪತ್ತು ಪುಟದ ಕೈಪಿಡಿ ಬೇಡ. ಕಂಪನಿಗಳು ಕೊಟ್ಟ ಹೊಳಪು ಕಾಗದದ ಪುಸ್ತಕಗಳನ್ನು ನಾವು ಷೆಡ್ಡಿನಲ್ಲಿ ಊಟದ ಡಬ್ಬಿಯ ಕೆಳಗೆ ಹಾಸುತ್ತಿದ್ದೆವು, ಸುಳ್ಳೇಕೆ ಹೇಳಲಿ. ಗೋಡೆಗೆ ಅಂಟಿಸಿದ್ದ ಒಂದು ಹಾಳೆ ಮಾತ್ರ ನೆನಪಿನಲ್ಲಿದೆ. ಒಬ್ಬ ಶೇವಿಂಗ್ ಬ್ಲೇಡ್ ತಯಾರಕರು ಕೊಟ್ಟದ್ದು. ‘ನಮ್ಮ ಪೊಟ್ಟಣದ ಮಡಿಕೆ ಎಡಕ್ಕೆ, ಅವರದು ಬಲಕ್ಕೆ’ ಎಂದಿಷ್ಟೇ ಬರೆದಿತ್ತು. ನಿಮ್ಮ ಕೊಯಮತ್ತೂರಿನ ಗ್ರಾಹಕರಿಂದ ಆ ನಕಲಿಯ ಬಿಲ್ಲು ಕೇಳಿ ಪಡೆಯಿರಿ. ಮಾರಿದವನ ಹೆಸರು ಸಿಕ್ಕರೆ ಆಮದುದಾರನ ಜಾಡೂ ಸಿಗಬಹುದು. ಆ ಹೆಸರನ್ನೂ ನೋಟಿಸಿನ ಜೊತೆ ಕೊಡಿ. ಯಾವ ಪೆಟ್ಟಿಗೆ ಬಿಚ್ಚಬೇಕೆಂದು ಆರಿಸುವ ಕಸ್ಟಮ್ಸ್ ಕಂಪ್ಯೂಟರಿಗೆ ಊಡಿಸಲು ಅದಕ್ಕಿಂತ ಒಳ್ಳೆಯ ಮೇವಿಲ್ಲ.

ಹೆದರಿಸಲೆಂದಲ್ಲ, ಖರ್ಚಿನ ಮಾತನ್ನೂ ಹೇಳಿಬಿಡುತ್ತೇನೆ. ಮಾಲು ಸಿಕ್ಕ ದಿನ ನಿಮಗೆ ಫೋನ್ ಬರುತ್ತದೆ, ಮೂರು ದಿನದಲ್ಲಿ ಬಾಂಡ್ ತರಬೇಕು. ದಾವಣಗೆರೆಯವರಿಗೆ ಹೇಳಿದ ಲೆಕ್ಕವೇ. ಹಬ್ಬಕ್ಕೆ ಊರಿಗೆ ಹೋಗಿದ್ದೆ ಎಂದರೆ ಮಾಲೂ ಊರಿಗೆ ಹೋಗಿರುತ್ತದೆ. ನಾಶ ಮಾಡುವ ಖರ್ಚು, ಅಲ್ಲಿಯವರೆಗಿನ ಗೋದಾಮಿನ ಡೆಮರೇಜ್, ಅಂದರೆ ತಡದ ಬಾಡಿಗೆ ಕೂಡ ಹಕ್ಕಿನ ಒಡೆಯನ ತಲೆಗೇ ಬರುತ್ತದೆ. ಕಳ್ಳತನವಾದವನೇ ಕಳ್ಳನ ಗಾಡಿಯ ಬಾಡಿಗೆ ಕೊಡಬೇಕೆ ಎಂದು ಒಬ್ಬರು ನನ್ನ ಮೇಜು ಕುಟ್ಟಿ ಕೇಳಿದ್ದರು. ಉತ್ತರವಿರಲಿಲ್ಲ. ಟೀ ತರಿಸಿದೆ.

ಈಗಾಗಲೇ ಪೇಟೆಗೆ ಬಂದಿರುವುದಕ್ಕೆ ಹೊರಬಾಗಿಲಿನ ಕಸ್ಟಮ್ಸ್‌ಗಿಂತ ಸಿವಿಲ್ ದಾವೆ ಅಥವಾ ಪೊಲೀಸ್ ದಾರಿಯೇ ಸರಿ. ಟ್ರೇಡ್‌ಮಾರ್ಕ್ ಕಾಯ್ದೆಯಂತೆ ಪೊಲೀಸರು ವಾರಂಟ್ ಇಲ್ಲದೆ ಶೋಧಿಸಬೇಕಾದರೆ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಬರಬೇಕು, ಅದಕ್ಕೂ ಮೊದಲು ರಿಜಿಸ್ಟ್ರಾರ್ ಅಭಿಪ್ರಾಯ ಪಡೆಯಬೇಕು. ನಿಧಾನ, ಆದರೆ ದಾರಿ ಇದೆ. ತಪ್ಪು ಸಾಬೀತಾದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು.

ಪ್ರಶ್ನೆ: ದುಬೈನಲ್ಲಿರುವ ನನ್ನ ಅಣ್ಣ ಅಲ್ಲಿನ ಸಗಟು ಅಂಗಡಿಯಿಂದ ಅಸಲಿ ಸುಗಂಧದ್ರವ್ಯ ಕೊಂಡು ಕಳುಹಿಸುತ್ತಾನೆ. ಇಲ್ಲಿನ ದರಕ್ಕಿಂತ ಅಗ್ಗ. ಆ ಬ್ರಾಂಡಿನ ಅಧಿಕೃತ ವಿತರಕರು ‘ನಮ್ಮನ್ನು ಬಿಟ್ಟು ತರಿಸಿದ್ದೆಲ್ಲ ನಕಲಿಯೇ, ಕಸ್ಟಮ್ಸ್‌ಗೆ ಹೇಳಿ ಹಿಡಿಸುತ್ತೇವೆ’ ಎಂದು ನೋಟಿಸ್ ಕೊಟ್ಟಿದ್ದಾರೆ.
— ವ್ಯಾಪಾರಿ, ಮಂಗಳೂರು

ಉತ್ತರ: ಅಸಲಿ ಅಸಲಿಯೇ, ಯಾರ ಕೈಯಿಂದ ಬಂದರೂ. ಹಕ್ಕಿನ ಒಡೆಯ ತಾನೇ ಪೇಟೆಗೆ ಬಿಟ್ಟ ಮಾಲನ್ನು ಇನ್ನೊಬ್ಬ ಕಾನೂನುಬದ್ಧವಾಗಿ ಕೊಂಡು ಬೇರೆ ದೇಶದಲ್ಲಿ ಮಾರಿದರೆ ಅದಕ್ಕೆ ಸಮಾನಾಂತರ ಆಮದು ಎನ್ನುತ್ತಾರೆ. ಟ್ರೇಡ್‌ಮಾರ್ಕ್ ಕಾಯ್ದೆಯ 30(3) ಕಲಮಿನ ಆಧಾರದಲ್ಲಿ ಇದನ್ನು ತಡೆಯಬೇಕಿಲ್ಲವೆಂದು 2012ರ ಮೇ ತಿಂಗಳಲ್ಲಿ ಕಸ್ಟಮ್ಸ್ ಮಂಡಳಿಯೇ ಸುತ್ತೋಲೆ ಹೊರಡಿಸಿತು. ಅದೇ ವರ್ಷ ಸ್ಯಾಮ್‌ಸಂಗ್ ಪ್ರಿಂಟರ್‌ಗಳ ಪ್ರಕರಣದಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠವೂ ಇಂಥ ಆಮದಿಗೆ ದಾರಿ ಕೊಟ್ಟಿತು. ಮಾಲಿನ ಸ್ಥಿತಿಯನ್ನು ಬದಲಾಯಿಸಿದ್ದರೆ, ಕೆಡಿಸಿದ್ದರೆ ಮಾತ್ರ ಒಡೆಯ ಆಕ್ಷೇಪಿಸಬಹುದು. ಬಾಟಲಿಯ ತಳದ ಬ್ಯಾಚ್ ಸಂಖ್ಯೆಯನ್ನು ಕೆರೆದ ಸುಗಂಧ ನಾನು ಕಂಡಿದ್ದೇನೆ. ಹಾಗೆ ಕೆರೆಯಬೇಡಿ. ಅಣ್ಣ ಕೊಂಡ ಬಿಲ್ಲುಗಳನ್ನು ಜೋಪಾನ ಮಾಡಿ.

ನಿಮಗೆ ತೊಂದರೆ ಬರುವುದಾದರೆ ಆ ಬಾಗಿಲಿನಿಂದಲ್ಲ, ಪಕ್ಕದ ಕಿಟಕಿಯಿಂದ. ಸೌಂದರ್ಯವರ್ಧಕಗಳ ಆಮದಿಗೆ ಔಷಧ ನಿಯಂತ್ರಣ ಸಂಸ್ಥೆಯ ನೋಂದಣಿ ಬೇಕು. ಡಬ್ಬಿಯ ಮೇಲೆ ಆಮದುದಾರನ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ ಇರಲೇಬೇಕು. ‘ಅಣ್ಣ ಕಳುಹಿಸುತ್ತಾನೆ’ ಎಂದು ಬರೆದಿರಲ್ಲ, ಯಾರ ಲಗೇಜಿನಲ್ಲಿ ಎಂದು ನಾನು ಕೇಳುವುದಿಲ್ಲ. ನೀವೇ ಕೇಳಿಕೊಳ್ಳಿ.

ಪ್ರಶ್ನೆ: ನಮ್ಮದು ಮೂರು ತಲೆಮಾರಿನಿಂದ ಚನ್ನಪಟ್ಟಣದಲ್ಲಿ ಅರಗಿನ ಬೊಂಬೆ ಮಾಡುವ ಮನೆ. ನಮ್ಮ ಬೊಂಬೆಗೆ ಜಿಐ ಇದೆ. ಹೀಗಿರುವಾಗ ಅದೇ ಥರದ ಚೀನಾ ಬೊಂಬೆಗಳನ್ನು ಬಂದರಿನಲ್ಲೇ ಏಕೆ ತಡೆಯುವುದಿಲ್ಲ?
— ಯುವ ಕುಶಲಕರ್ಮಿ, ಚನ್ನಪಟ್ಟಣ

ಉತ್ತರ: ಈ ಪತ್ರಕ್ಕೆ ಉತ್ತರ ಬರೆಯಲು ಕೈ ಓಡಲಿಲ್ಲ. ಏಕೆಂದರೆ ನಿಮಗೆ ಬೇಕಾದ ಉತ್ತರ ನನ್ನಲ್ಲಿಲ್ಲ.

ಭೌಗೋಳಿಕ ಗುರುತು, ಅಂದರೆ ಜಿಐ, 2007ರ ನಿಯಮಗಳ ವ್ಯಾಪ್ತಿಯಲ್ಲಿ ಇದೆ. ಟ್ರೇಡ್‌ಮಾರ್ಕ್‌ನಂತೆಯೇ ಅದನ್ನೂ ಕಸ್ಟಮ್ಸ್‌ನಲ್ಲಿ ನೋಂದಾಯಿಸಬಹುದು. ಚನ್ನಪಟ್ಟಣದ ಬೊಂಬೆಯ ಜಿಐ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮದ ಹೆಸರಿನಲ್ಲಿದೆ, ಮೈಸೂರು ಸಿಲ್ಕಿನದು ರೇಷ್ಮೆ ಉದ್ಯಮಗಳ ನಿಗಮದ ಹೆಸರಿನಲ್ಲಿ. ನೋಟಿಸ್ ಕೊಡಬೇಕಾದವರು, ಬಾಂಡ್ ಬರೆಯಬೇಕಾದವರು ಅಂಥ ಒಡೆಯರು. ಆದರೆ ಕಾನೂನು ಕಾಯುವುದು ಹೆಸರನ್ನು. ಪೆಟ್ಟಿಗೆಯ ಮೇಲೆ ‘ಚನ್ನಪಟ್ಟಣ’ ಎಂದು ಬರೆದು ಬಂದರೆ ಹಿಡಿಯಬಹುದು. ಬರೆಯದೆ ಬಂದ, ಕೆಂಪು ಹಳದಿ ಬಣ್ಣದ, ಗುಂಡಗಿನ ಮರದ ಬೊಂಬೆ ನೋಡಲು ನಿಮ್ಮದರಂತೆಯೇ ಇದ್ದರೂ ಜಿಐ ಕಣ್ಣಿಗೆ ಅದು ಬರೀ ಬೊಂಬೆ. ಬಂದರಿನಲ್ಲಿ ಹೆಸರಿಲ್ಲದೆ ಇಳಿದು, ಬೆಂಗಳೂರು–ಮೈಸೂರು ರಸ್ತೆಯ ಅಂಗಡಿಯಲ್ಲಿ ಹೆಸರು ಪಡೆದುಕೊಳ್ಳುತ್ತದೆ. ಆ ನಾಮಕರಣ ನಡೆಯುವುದು ನಮ್ಮ ಷೆಡ್ಡಿನಲ್ಲಲ್ಲ.

ನಿಮಗೆ ಹೆಚ್ಚು ಕೆಲಸಕ್ಕೆ ಬಂದದ್ದು ಬೇರೆಯದೇ ಒಂದು ಆದೇಶ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಆ ಗುರುತಿಲ್ಲದ ಆಟಿಕೆ ಬಂದರಿನಲ್ಲಿ ನಿಲ್ಲುತ್ತದೆ. ಅಲ್ಲಿ ಹೆಸರಿನ ಒಡೆಯನಿಗಾಗಿ ಕಾಯಬೇಕಿಲ್ಲ. ಜಿಐ ಅಡಿಯಲ್ಲಿ ನೋಂದಾಯಿತ ಬಳಕೆದಾರರಾದ ಕುಶಲಕರ್ಮಿಗಳಿಗೆ ಆ ಆದೇಶದಿಂದ ವಿನಾಯಿತಿ ಕೊಟ್ಟಿದ್ದಾರೆ. ನಿಮ್ಮ ಮನೆಯವರು ಆ ಪಟ್ಟಿಯಲ್ಲಿ ಹೆಸರು ಬರೆಸಿದ್ದೀರಾ? ಇಲ್ಲವಾದರೆ ಈ ವಾರವೇ ನಿಗಮದ ಕಚೇರಿಗೆ ಹೋಗಿ. ಜಿಐ ಇದೆ ಎನ್ನುವ ಹತ್ತು ಜನರಲ್ಲಿ ಬಳಕೆದಾರರಾಗಿ ಹೆಸರು ಬರೆಸಿದವರನ್ನು ಹುಡುಕಬೇಕಾಗುತ್ತದೆ.

ಪ್ರಶ್ನೆ: ನಿಮ್ಮ ಇಲಾಖೆ ಇಷ್ಟೆಲ್ಲ ಹಿಡಿಯುತ್ತದೆ ಎನ್ನುತ್ತೀರಿ. ಹಾಗಿದ್ದರೆ ಮೆಜೆಸ್ಟಿಕ್‌ನಿಂದ ಹಿಡಿದು ನಮ್ಮ ತಾಲ್ಲೂಕಿನ ಸಂತೆಯವರೆಗೆ ನಕಲಿ ಬೂಟು, ನಕಲಿ ಚಾರ್ಜರ್ ಹೇಗೆ ತುಂಬಿವೆ? ಎಲ್ಲರೂ ತಿಂದಿದ್ದೀರಿ ಎಂದೇ ಜನರ ಅಭಿಪ್ರಾಯ.
— ನಿವೃತ್ತ ಅಂಚೆ ನೌಕರ, ಗುಬ್ಬಿ

ಉತ್ತರ: ಕೆಲವರು ತಿಂದಿದ್ದಾರೆ. ನನ್ನ ಕಣ್ಣೆದುರೇ ತಿಂದವರಿದ್ದಾರೆ. ಎಲ್ಲರೂ ಎಂಬ ಮಾತನ್ನು ಮಾತ್ರ ಒಪ್ಪುವುದಿಲ್ಲ.

ಆದರೆ ಎಲ್ಲರೂ ಪ್ರಾಮಾಣಿಕರಾಗಿದ್ದರೂ ನಿಮ್ಮ ಸಂತೆ ಹಾಗೆಯೇ ಇರುತ್ತಿತ್ತು. 2005ರಿಂದ ಈಚೆಗೆ ಯಾವ ಪೆಟ್ಟಿಗೆ ಬಿಚ್ಚಬೇಕೆಂದು ಹೇಳುವುದು ಕಂಪ್ಯೂಟರ್. ಹೆಚ್ಚಿನ ಮಾಲು ಪೆಟ್ಟಿಗೆ ಬಿಚ್ಚದೆಯೇ ಹೊರಟುಹೋಗುತ್ತದೆ. ಎಲ್ಲವನ್ನೂ ಬಿಚ್ಚುತ್ತ ಕೂತರೆ ಕಾರ್ಖಾನೆಗಳು ನಿಲ್ಲುತ್ತವೆ, ಅದೂ ನಿಜ. ಕಂಪ್ಯೂಟರ್ ನೋಡುವುದು ಯಾರು ತರಿಸಿದರು, ಎಲ್ಲಿಂದ, ತೂಕಕ್ಕೆ ತಕ್ಕ ಬೆಲೆಯಿದೆಯೇ, ಇಂಥವನ್ನು. ಕಳ್ಳನೂ ಅದನ್ನು ಕಲಿತಿರುತ್ತಾನೆ.

ಎಚ್‌ಎಎಲ್ ಷೆಡ್ಡಿನ ಕೊನೆಯ ವರ್ಷ, ಅಂದರೆ 2008ರ ಮೇ ತಿಂಗಳಲ್ಲಿ ದೇವನಹಳ್ಳಿಗೆ ಹೋಗುವುದಕ್ಕೆ ಸ್ವಲ್ಪ ಮೊದಲು, ಒಂದು ಪೆಟ್ಟಿಗೆ ಬಂತು. ‘ರಬ್ಬರ್ ಬಿಡಿಭಾಗ’ ಎಂದು ಬರೆದಿತ್ತು. ಒಳಗೆ ಕಿರುಬೆರಳಿನ ಉಗುರಿನಷ್ಟು ದೊಡ್ಡ ಸಾವಿರಾರು ರಬ್ಬರ್ ಚಿಹ್ನೆಗಳು, ಒಂದು ಪ್ರಸಿದ್ಧ ಬೂಟಿನ ಪಕ್ಕದಲ್ಲಿ ಇರುವಂಥವು. ಬೂಟುಗಳು ಎಲ್ಲಿ? ಅವು ಹೆಸರಿಲ್ಲದೆ, ಸುಂಕ ಕಟ್ಟಿ, ಬೇರೆ ಬಂದರಿನಲ್ಲಿ ಮರ್ಯಾದೆಯಿಂದ ಇಳಿದಾಗಿತ್ತು, ಇಲ್ಲವೇ ಇಲ್ಲೇ ಎಲ್ಲೋ ತಯಾರಾಗುತ್ತಿದ್ದವು. ಅಂಟು ಹಚ್ಚಿ ಚಿಹ್ನೆ ಒತ್ತುವ ಕೆಲಸವೊಂದೇ ಉಳಿದಿದ್ದದ್ದು. ಇಡೀ ನಕಲಿಯಲ್ಲಿ ಕಾನೂನಿಗೆ ಸಿಕ್ಕುವ ಭಾಗ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಮುಗಿದಿತ್ತು. ನಿಯಮದಂತೆ ಅಧಿಕಾರಿ ತಾನೇ ಅನುಮಾನಿಸಿ ತಡೆದರೆ ಒಡೆಯ ಐದು ದಿನಗಳೊಳಗೆ ನೋಟಿಸ್ ಕೊಟ್ಟು ತನ್ನ ಬಾಧ್ಯತೆ ಪೂರೈಸಬೇಕು. ನಾವು ಫ್ಯಾಕ್ಸ್ ಕಳುಹಿಸಿದೆವು, ಫೋನ್ ಮಾಡಿದೆವು. ಐದು ದಿನವಾಯಿತು. ಯಾರೂ ಬರಲಿಲ್ಲ. ಬಿಟ್ಟೆವು. ನಾನೇ ‘ಔಟ್ ಆಫ್ ಚಾರ್ಜ್’, ಅಂದರೆ ಬಿಡುಗಡೆಯ ಅಪ್ಪಣೆ ಕೊಟ್ಟೆ. ಆ ವರ್ಷ ನಮ್ಮ ಬೀದಿಯ ಹುಡುಗರ ಕಾಲಿನಲ್ಲಿ ಆ ಚಿಹ್ನೆ ಕಂಡಾಗಲೆಲ್ಲ ನನ್ನ ಸಹಿ ಕಂಡ ಹಾಗಾಗುತ್ತಿತ್ತು.

ಅತಿ ಉತ್ಸಾಹದಿಂದ ಹಿಡಿದರೂ ಅನಾಹುತವೇ. ಹಿಂದೆ ಪೇಟೆಂಟ್ ಕೂಡ ಈ ನಿಯಮಗಳಲ್ಲಿತ್ತು. ಮದುರೈನ ಒಬ್ಬರು ಎರಡು ಸಿಮ್ ಹಾಕುವ ಫೋನಿನ ಪೇಟೆಂಟ್ ತಮ್ಮದೆಂದು ನೋಂದಾಯಿಸಿದರು. 2009ರ ಸುಮಾರಿಗೆ ದೊಡ್ಡ ದೊಡ್ಡ ಕಂಪನಿಗಳ ಫೋನುಗಳೇ ಬಂದರಿನಲ್ಲಿ ನಿಂತವು. ಆಮೇಲೆ ಆ ಪೇಟೆಂಟೇ ರದ್ದಾಯಿತು. ಯಂತ್ರದ ಒಳಗಿನ ಆವಿಷ್ಕಾರ ಯಾರದೆಂದು ಷೆಡ್ಡಿನಲ್ಲಿ ನಿಂತು ಹೇಳಲು ನಾವು ಯಾರು? 2018ರ ಜೂನ್‌ನಲ್ಲಿ ಪೇಟೆಂಟನ್ನು ನಿಯಮದಿಂದಲೇ ತೆಗೆದರು. ಒಳ್ಳೆಯದಾಯಿತು.

ನಿಮಗೆ ಯಾವುದಾದರೂ ಅಂಗಡಿಯಲ್ಲಿ ನಕಲಿ ಚಾರ್ಜರ್ ಸಿಕ್ಕಿದ್ದರೆ ಕಸ್ಟಮ್ಸ್‌ಗೆ ಬರೆಯುವ ಬದಲು ಬಿಲ್ಲು ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬಿಲ್ಲಿಲ್ಲವೇ? ಸಂತೆಯಲ್ಲಿ ಯಾರು ಕೊಡುತ್ತಾರೆ ಎನ್ನುತ್ತೀರಿ. ಅದೂ ಸರಿಯೇ.

ಪ್ರಶ್ನೆ: ಹಿಡಿದ ನಕಲಿ ಬೂಟು, ಶಾಲಾ ಚೀಲಗಳನ್ನು ನಾಶ ಮಾಡುತ್ತಾರೆಂದು ಓದಿದೆ. ನಮ್ಮ ಹಾಸ್ಟೆಲ್ ಮಕ್ಕಳಿಗೆ ಕೊಡಬಾರದೇ?
— ಶಿಕ್ಷಕಿ, ಹಾವೇರಿ

ಉತ್ತರ: ಕೊಡಲು ಕಾನೂನು ಪೂರ್ತಿ ಅಡ್ಡ ಬರುವುದಿಲ್ಲ ಮೇಡಂ. ‘ನಾಶ, ಅಥವಾ ಸಾಮಾನ್ಯ ವ್ಯಾಪಾರದ ಹಾದಿಯ ಹೊರಗೆ ವಿಲೇವಾರಿ’ ಎಂದೇ ಇದೆ. ಎರಡನೆಯದಕ್ಕೆ ಹಕ್ಕಿನ ಒಡೆಯ ‘ಆಕ್ಷೇಪಣೆ ಇಲ್ಲ’ ಎನ್ನಬೇಕು. 20 ಕೆಲಸದ ದಿನಗಳಲ್ಲಿ ಉತ್ತರಿಸದಿದ್ದರೆ ಒಪ್ಪಿದಂತೆ, ಅವಧಿಯನ್ನು ಇನ್ನೂ 20 ದಿನ ಬೆಳೆಸಿಕೊಳ್ಳಲು ಅವಕಾಶವಿದೆ. ನನ್ನ ಅನುಭವದಲ್ಲಿ ಒಡೆಯರು ಹೆಚ್ಚಾಗಿ ನಾಶವನ್ನೇ ಕೇಳುತ್ತಾರೆ. ತಮ್ಮ ಹೆಸರು ಹೊತ್ತ ಕಳಪೆ ಬೂಟು ಮಕ್ಕಳ ಕಾಲಿನಲ್ಲಿ ಬಾಯಿಬಿಟ್ಟರೆ ಹೆಸರು ಕೆಡುವುದು ತಮ್ಮದೇ ಎಂಬ ಲೆಕ್ಕ ಅವರದು. ಹೆಸರನ್ನು ಕಿತ್ತು ಕೊಡಬಹುದಲ್ಲ ಎಂದು ನಾನೊಮ್ಮೆ ಕಡತದಲ್ಲಿ ಬರೆದಿದ್ದೆ. 1,100 ಚೀಲಗಳಿಂದ ಹೊಲಿಗೆ ಬಿಚ್ಚುವ ಕೂಲಿ ಯಾರು ಕೊಡುತ್ತಾರೆ ಎಂದು ಮೇಲಿನವರು ಅಂಚಿನಲ್ಲಿ ಬರೆದರು. ಚೀಲಗಳನ್ನು ಕತ್ತರಿಸುವ ದಿನ ನಾನೂ ಇದ್ದೆ. ಷೆಡ್ಡಿನ ಹಮಾಲಿಯೊಬ್ಬ ಒಂದನ್ನು ಕೇಳಿದ. ಲೆಕ್ಕದಲ್ಲಿ 1,100 ಇತ್ತು, ಮಹಜರಿನಲ್ಲೂ 1,100 ಇರಬೇಕಿತ್ತು. ಇಲ್ಲವೆಂದೆ. ಮಾರನೆಯ ದಿನ ಅವೆನ್ಯೂ ರಸ್ತೆಯಲ್ಲಿ ಕೊಂಡ ಚೀಲವನ್ನು ಕೊಟ್ಟಾಗ ಅವನು ಅದನ್ನು ತಿರುವಿ ನೋಡಿ, ‘ಇದು ಒರಿಜಿನಲ್ಲಾ ಸಾರ್?’ ಎಂದ.

ಪ್ರಶ್ನೆ: ನಿಮ್ಮ ಕೈಗಡಿಯಾರ ಅಸಲಿಯೇ?
— ಕಾಲೇಜು ವಿದ್ಯಾರ್ಥಿ, ಮೈಸೂರು

ಉತ್ತರ: ಕೈಯಲ್ಲಿರುವುದು ಎಚ್‌ಎಂಟಿ ಜನತಾ, ನೌಕರಿ ಸೇರಿದಾಗ ಅಪ್ಪ ಜಾಲಹಳ್ಳಿಯ ಎಚ್‌ಎಂಟಿ ಕಾರ್ಖಾನೆಯ ಪರಿಚಯದವರಿಂದ ತರಿಸಿಕೊಟ್ಟದ್ದು. ಅಸಲಿ. ಅಳಿಯನಿಗೂ ಅಂಥದ್ದೇ ಇರಲಿ ಎಂದು ಹೋದ ವರ್ಷ ಆನ್‌ಲೈನ್‌ನಲ್ಲಿ ಒಂದು ತರಿಸಿದೆ. ಹೊಳೆಯುವ ಡಯಲ್, ಕನ್ನಡದ ಅಂಕಿಗಳು, ನೋಡಿದರೆ ಕಣ್ಣು ತುಂಬುವಂತಿತ್ತು. ಪೆಟ್ಟಿಗೆ ತೂಗಿ ನೋಡಿಯೇ ಬಿಚ್ಚಿದ್ದೆ. ಬಕಲ್ ಸಡಿಲವೆಂದು ಮಲ್ಲೇಶ್ವರದ ಹಳೆಯ ರಿಪೇರಿ ಅಂಗಡಿಗೆ ಒಯ್ದರೆ ಅಲ್ಲಿನ ಮುದುಕರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಹಿಂಬದಿ ತೆಗೆದರು. ‘ಯಂತ್ರ ಒಂದರದು, ಮುಳ್ಳು ಇನ್ನೊಂದರದು, ಡಯಲ್‌ಗೆ ಹೊಸ ಬಣ್ಣ. ನೀವು ಕಸ್ಟಮ್ಸ್‌ನಲ್ಲಿ ಇದ್ದವರಲ್ಲವೇ?’

ಅಳಿಯನಿಗೆ ಕೊಟ್ಟಿಲ್ಲ. ಮೇಜಿನ ಡ್ರಾಯರಿನಲ್ಲಿದೆ, ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡುತ್ತದೆ.